ಹದಿನೇಳನೇ ನಂಬರಿನ ಹೆಂಗಸು

ಹದಿನೇಳನೇ ನಂಬರಿನ ಹೆಂಗಸಿಗೆ ರಕ್ತದ ಸಕ್ಕರೆ ಇನ್ನೂರ ಅರವತ್ತೆರಡರಿಂದ ನೂರ ಎಂಟಕ್ಕೆ ಇಳಿಯಿತು ಎಂದು ಗೋಡೆಗೆ ಕಟ್ಟಿದ ಬ್ಯಾನರಿನ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು. ಅದೇ ಹೆಂಗಸಿಗೆ ಈಗ ಎಡಗಾಲಿನ ಪಾದ ಇಲ್ಲ ಎಂದು ಎಲ್ಲೂ ಬರೆದಿರಲಿಲ್ಲ.

ನ್ಯಾಮತಿಯ ಸಮುದಾಯ ಭವನದ ಮೊದಲ ಸಾಲಿನಲ್ಲಿ ಕೂತಿದ್ದ ಖೈರುನ್ನೀಸಾ ಆ ಬ್ಯಾನರನ್ನು ಓದಿದಳು. ಮತ್ತೊಮ್ಮೆ ಓದಿದಳು. ಹದಿನೇಳನೇ ನಂಬರು ಯಾರೆಂದು ಆ ಭವನದಲ್ಲಿ ಮೂವರಿಗೆ ಮಾತ್ರ ಗೊತ್ತಿತ್ತು. ವೇದಿಕೆಯ ಮೇಲೆ ಕೂತಿದ್ದ ಡಾಕ್ಟರ್ ಮಾಲತೇಶರಿಗೆ ಗೊತ್ತಿತ್ತು. ಮೂಲೆಯಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತಿದ್ದ, ಅವರ ಕೈಕೆಳಗೆ ಸಂಶೋಧನೆ ಮಾಡುವ ಶಿವಲೀಲಾಗೆ ಗೊತ್ತಿತ್ತು. ಖೈರುನ್ನೀಸಾಳಿಗಂತೂ ಗೊತ್ತೇ ಇತ್ತು. ಹದಿನೇಳನೇ ನಂಬರು ಅವಳ ಗಂಡನ ಅಕ್ಕ, ನುಜಹತ್.

ಎರವಲು ತಂದ ಬುರ್ಖಾದೊಳಗೆ ಖೈರುನ್ನೀಸಾ ಬೆವರುತ್ತಿದ್ದಳು. ಹತ್ತಿ ಎಕ್ಕಿ ಹಾಸಿಗೆ ಹೊಲಿಯುವ ಪಿಂಜಾರರ ಮನೆತನ ಅವಳದು. ಮನೆಮಾತು ಕನ್ನಡ, ಉಡುವುದು ಸೀರೆ, ತಲೆ ಮೇಲೊಂದು ಸೆರಗು. ಅವಳ ಅವ್ವನಾಗಲಿ ಅತ್ತೆಯಾಗಲಿ ಬುರ್ಖಾ ತೊಟ್ಟವರಲ್ಲ. ಆದರೆ ಹಿಂದಿನ ದಿನ ಮಾಲತೇಶ್ ಫೋನು ಮಾಡಿ, "ಬುರ್ಖಾ ಹಾಕ್ಕೊಂಡು ಬಾಮ್ಮ. ಫೋಟೋ ತೆಗೀತಾರೆ. ನಿಮ್ಮವರಿಗೂ ಯೋಜನೆ ತಲುಪೈತೆ ಅಂತ ನೋಡಿದವ್ರಿಗೆ ಗೊತ್ತಾಗಬೇಕಲ್ಲ" ಎಂದಿದ್ದರು. ಅವಳು ಮರುಮಾತಾಡದೆ ಮೇಲಿನ ಬೀದಿಯವರ ಮನೆಯಿಂದ ಕೇಳಿ ತಂದಿದ್ದಳು. ಮಾಲತೇಶರಿಗೆ ಮರುಮಾತಾಡಿ ಅವಳಿಗೆ ಅಭ್ಯಾಸವಿರಲಿಲ್ಲ. ಇದ್ದಿದ್ದರೆ ನುಜಹತಳ ಪಾದ ಇರುತ್ತಿತ್ತು.

ಮಾಲತೇಶ್ ಕಾಯಿಲೆ ನೋಡುವ ಡಾಕ್ಟರಲ್ಲ. ಗಿಡಗಳ ಮೇಲೆ ಪುಸ್ತಕ ಬರೆದು ಡಾಕ್ಟರಾದವರು. ದೊಡ್ಡ ಊರಿನ ಸಂಸ್ಥೆಯೊಂದರಲ್ಲಿ ಕೆಲಸ. ಹಿಂದಿನವರು ಬಳಸುತ್ತಿದ್ದ ನಾಟಿ ಗಿಡಮೂಲಿಕೆಯಿಂದ ಸಕ್ಕರೆ ಕಾಯಿಲೆ ಹತೋಟಿಗೆ ಬರುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡುವ ಯೋಜನೆ ಅವರದು. ಕೆಟ್ಟ ಯೋಜನೆಯೇನಲ್ಲ. ಗಿಡದಲ್ಲಿ ಗುಣ ಇದ್ದರೂ ಇರಬಹುದು. ಅದನ್ನು ನೆಟ್ಟಗೆ ನೋಡಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಆದರೆ ನೆಟ್ಟಗೆ ನೋಡುವುದಕ್ಕೆ ತಾಳ್ಮೆ ಬೇಕು, ಪ್ರಶ್ನೆ ಕೇಳುವ ಜನ ಬೇಕು. ಮೇಷ್ಟ್ರುಗಳ ಬಡಾವಣೆಗೆ ಹೋದರೆ ಅವರು ಹತ್ತು ಪ್ರಶ್ನೆ ಕೇಳುತ್ತಾರೆ. ಬಸ್‌ಸ್ಟ್ಯಾಂಡಿನ ಹಿಂದಿರುವ ಪಿಂಜಾರರ ಗಲ್ಲಿಯವರು ಕೇಳುವುದಿಲ್ಲ. ಅದಕ್ಕೇ ಮಾಲತೇಶರ ಜೀಪು ಅಲ್ಲಿಗೆ ಬಂತು.

ಗಲ್ಲಿಯ ಹೆಂಗಸರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವಳು ಖೈರುನ್ನೀಸಾ ಒಬ್ಬಳೇ. ಮಾಲತೇಶ್ ಅವಳ ಕೈಗೆ ಒಂದು ರಿಜಿಸ್ಟರು, ಬೆರಳು ಚುಚ್ಚಿ ಸಕ್ಕರೆ ಅಳೆಯುವ ಒಂದು ಮಿಷನ್ನು ಕೊಟ್ಟು, "ಇನ್ಮ್ಯಾಲೆ ನೀನು ಫೀಲ್ಡ್ ಆಫೀಸರ್" ಎಂದರು. ಹುಟ್ಟಿದಾಗಿನಿಂದ ಹತ್ತಿ ಧೂಳು ಕುಡಿದವಳಿಗೆ ಅಷ್ಟು ಸಾಕಾಯಿತು. ಶಿವಲೀಲಾ ಅವಳನ್ನು ಮೇಡಂ ಎಂದು ಕರೆದ ದಿನ ಅವಳಿಗೆ ಅನ್ನ ಸೇರಲಿಲ್ಲ, ಅಷ್ಟು ಖುಷಿ. ಆ ಖುಷಿಯನ್ನು ನೆನೆದರೆ ಈಗ ಮೈಯೆಲ್ಲ ಮುದುಡಿ ಹೋಗುತ್ತದೆ.

ಆಫೀಸರ್ ಎಂಬುದು ಹೆಸರಿಗೆ. ಕೆಲಸ ಕೂಲಿಯದೇ. ಚನ್ನಗಿರಿ ಕಡೆ ಸೂಳೆಕೆರೆ ಸುತ್ತಿನ ಗುಡ್ಡಗಳಲ್ಲಿ ಯೋಜನೆಗೆ ಬೇಕಾದ ಮಧುನಾಶಿನಿ ಬಳ್ಳಿ ಹಬ್ಬುತ್ತದೆ. ಗಲ್ಲಿಯ ಐದಾರು ಹೆಂಗಸರನ್ನು ಕಟ್ಟಿಕೊಂಡು ಹೋಗಿ ಅವಳೇ ಎಲೆ ತರಿಯಬೇಕು. ಜೀಪು ಟಾರು ರಸ್ತೆಯಲ್ಲೇ ನಿಲ್ಲುತ್ತಿತ್ತು. ಅಲ್ಲಿಂದ ಮುಳ್ಳುಪೊದೆಯೊಳಗೆ ನುಗ್ಗಿ, ಮೊಣಕೈ ಗೀಚಿಸಿಕೊಂಡು, ಬಳ್ಳಿ ಜಗ್ಗಿ ಎಲೆ ಕಿತ್ತು, ಚೀಲ ತುಂಬಿ, ತಲೆ ಮೇಲೆ ಹೊತ್ತು ಇಳಿಯಬೇಕು. ತಂದ ಎಲೆಯನ್ನು ನೆರಳಲ್ಲಿ ಒಣಗಿಸಿ, ಒರಳಿಗೆ ಹಾಕಿ ಕುಟ್ಟಿ, ತೆಳು ಬಟ್ಟೆಯಲ್ಲಿ ಸೋಸಬೇಕು. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದು ಮತ್ತೆ ಎದ್ದವು. ಪುಡಿ ಬಾಯಿಗೆ ಹೋಗಿ ನಾಲಿಗೆಗೆ ಸಿಹಿಯೇ ತಿಳಿಯದಂತಾಗುತ್ತಿತ್ತು. ಸಕ್ಕರೆ ಹಾಕಿಕೊಂಡರೆ ಮರಳು ತಿಂದ ಹಾಗೆ. "ನಾಲಿಗಿ ಮ್ಯಾಗಿನ ಸಕ್ಕರೆನೇ ಹೋತು, ರಕ್ತದಾಗಿಂದು ಹೋಗಲ್ವಾ" ಎಂದು ನುಜಹತ್ ನಗುತ್ತಿದ್ದಳು.

ನುಜಹತಳಿಗೆ ಐವತ್ತೆರಡು ವರ್ಷ. ಗಂಡ ಸತ್ತ ಮೇಲೆ ತಮ್ಮನ ಪಕ್ಕದ ಮನೆಯಲ್ಲಿ ಒಬ್ಬಳೇ ಇದ್ದು ಹಾಸಿಗೆ ಹೊಲಿದು ಬದುಕುತ್ತಿದ್ದವಳು. ಹೊನ್ನಾಳಿಯಿಂದಲೂ ಅವಳ ಹಾಸಿಗೆ ಕೇಳಿಕೊಂಡು ಬರುತ್ತಿದ್ದರು. ಎಕ್ಕಿದ ಹತ್ತಿಯನ್ನು ಚೀಲಕ್ಕೆ ತುಂಬಿ, ಅದರ ಮೇಲೆ ಬರಿಗಾಲಲ್ಲಿ ಅತ್ತಿಂದಿತ್ತ ತುಳಿದು, ಗಂಟೆಲ್ಲಿದೆ ಎಂದು ಅಂಗಾಲಿನಿಂದಲೇ ಹುಡುಕಿ, ಬೆತ್ತದಿಂದ ಬಡಿದು ಸಮ ಮಾಡುವಳು. ಆಮೇಲೆ ಗೇಣುದ್ದದ ದಬ್ಬಣ ಹಿಡಿದು ಕೂರುವಳು. ಆರು ವರ್ಷದಿಂದ ಸಕ್ಕರೆ ಕಾಯಿಲೆ. ಆಸ್ಪತ್ರೆಯಲ್ಲಿ ಕೊಡುವ ಗುಳಿಗೆಯನ್ನು ಒಂದು ಹೊತ್ತೂ ತಪ್ಪಿಸದೆ ನುಂಗುತ್ತಿದ್ದಳು.

ಆ ಗುಳಿಗೆಯನ್ನು ಬಿಡಿಸಿದವಳು ಖೈರುನ್ನೀಸಾ.

ಮಾಲತೇಶ್ ಗಲ್ಲಿಯ ಬಾಯಲ್ಲೇ ನಿಂತು, ಹತ್ತಿ ಧೂಳಿಗೆ ಮೂಗಿಗೆ ಕರ್ಚೀಫು ಹಿಡಿದು ಹೇಳಿದ್ದರು, "ಗುಳಿಗೆ ನುಂಗ್ತಾ ಪುಡಿ ತಿಂದ್ರೆ ಯಾವುದರಿಂದ ಇಳೀತು ಅಂತ ಹೆಂಗೆ ಗೊತ್ತಾಗ್ತದೆ? ಗುಳಿಗೆ ನಿಲ್ಸಾಕೆ ಹೇಳು. ನಾನು ಹೇಳಿದ್ರೆ ಹೆದರ್ತಾರೆ, ನೀನು ಹೇಳಿದ್ರೆ ಕೇಳ್ತಾರೆ."

ಖೈರುನ್ನೀಸಾ ನಲವತ್ತು ಮನೆಗೆ ಹೋಗಿ ಹೇಳಿದಳು. ನಲವತ್ತು ಜನ ಫಾರಮ್ಮಿಗೆ ಹೆಬ್ಬೆಟ್ಟೊತ್ತಿದರು. ಫಾರಮ್ಮು ಇಂಗ್ಲಿಷಿನಲ್ಲಿತ್ತು. ಯಾರೂ ಓದಲಿಲ್ಲ, ಅವಳೂ ಓದಲಿಲ್ಲ. ನುಜಹತ್ ಒಬ್ಬಳು ಅನುಮಾನಿಸಿದಳು.

"ಆರು ವರ್ಷದಿಂದ ತಗಂತಿರೋ ಗುಳಿಗೆ ಕಣೇ ಖೈರೂ."

"ಅಕ್ಕಾ, ನಾನು ನಿಂಗೆ ಕೆಟ್ಟದ್ದು ಹೇಳ್ತೀನಾ?"

ನುಜಹತ್ ಸೊಂಟದ ಚೀಲ ಬಿಚ್ಚಿ ಗುಳಿಗೆಯ ಪಟ್ಟಿ ತೆಗೆದು ಅವಳ ಕೈಗೇ ಇಟ್ಟಳು.

ಮೊದಲ ಸಲ ರಕ್ತ ತೆಗೆದದ್ದು ಚಳಿಗಾಲದಲ್ಲಿ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತೆಗೆಯಬೇಕೆಂಬುದು ನಿಯಮ. ಆದರೆ ಐದಕ್ಕೆದ್ದು ಹತ್ತಿಗೆ ಕೈ ಹಾಕುವವರು ಚಹಾ ಕುಡಿಯದೆ ಇರುತ್ತಾರೆಯೆ? ನುಜಹತ್ ಎರಡು ಬನ್ನು ತಿಂದು ಬಂದಿದ್ದಳು. "ಸರ್, ಇವ್ರು ತಿಂದಿದ್ದಾರೆ" ಎಂದು ಶಿವಲೀಲಾ ಹೇಳಿದಳು. ಮತ್ತೆ ನಾಳೆ ಜೀಪು ತರುವವರು ಯಾರು? ಮಾಲತೇಶ್ ತೆಗಿ ಎಂದರು. ಇನ್ನೂರ ಅರವತ್ತೆರಡು ಬಂತು.

ಎರಡು ತಿಂಗಳು ಪುಡಿ ತಿಂದ ಮೇಲೆ ಎರಡನೇ ಸಲ ತೆಗೆಯಬೇಕು. ಆಗ ಯಾರು ಸಿಕ್ಕಿದರೂ ಏನಾದರೊಂದು ತಿಂದೇ ಇರುತ್ತಿದ್ದರು. ಮಾಲತೇಶ್ ರೇಗಿದರು. ಅವರ ರೇಗಾಟ ನೋಡಲಾರದೆ ಖೈರುನ್ನೀಸಾ ಹೇಳಿದಳು, "ಸರ್, ಮುಂದಿನ ವಾರ ರಂಜಾನ್ ಶುರು ಆಗ್ತದೆ. ಎಲ್ಲಾರೂ ರೋಜಾ ಇರ್ತಾರೆ. ಸಂಜೆ ಐದಕ್ಕೆ ಬಂದ್ರೆ ಒಬ್ರೂ ತಪ್ಪದಂಗೆ ಖಾಲಿ ಹೊಟ್ಟೆ."

ಆ ಮಾತು ಅವಳದೇ. ಯಾರೂ ಹೇಳಿಕೊಟ್ಟದ್ದಲ್ಲ. ಮಾಲತೇಶ್ ಅವಳನ್ನೇ ನೋಡಿ, "ನೀನು ಭಾರಿ ಬುದ್ಧಿವಂತೆ ಕಣಮ್ಮ" ಎಂದರು.

ರಕ್ತ ಬಂದರೆ ರೋಜಾ ಮುರಿಯುತ್ತದೆ ಎಂದು ಹೆಂಗಸರು ಕೈ ಕೊಡಲು ಒಪ್ಪಲಿಲ್ಲ. ಖೈರುನ್ನೀಸಾ ಮಸೀದಿಯ ಹಜರತ್ತರ ಹತ್ತಿರ ಹೋಗಿ ಕೇಳಿಕೊಂಡು ಬಂದಳು. ಬೆರಳಿನ ಒಂದು ಹನಿಗೆ ಮುರಿಯುವುದಿಲ್ಲ ಎಂದರು ಅವರು. ಕಾಯಿಲೆಯವರು ರೋಜಾ ಇರಲೇಬೇಕೆಂದಿಲ್ಲ ಎಂದೂ ಹೇಳಿದ್ದರು. ಆ ಎರಡನೇ ಮಾತನ್ನು ಅವಳು ಗಲ್ಲಿಗೆ ತರಲಿಲ್ಲ. ತಂದಿದ್ದರೂ ನುಜಹತ್ ಬಿಡುತ್ತಿರಲಿಲ್ಲ, ಮೂವತ್ತು ವರ್ಷದಿಂದ ಒಂದೂ ರೋಜಾ ಬಿಟ್ಟವಳಲ್ಲ. ಆದರೂ ತರಲಿಲ್ಲ ಎಂಬುದು ತರಲಿಲ್ಲವೇ.

ಹನ್ನೆರಡು ತಾಸು ಒಂದು ತೊಟ್ಟು ನೀರಿಲ್ಲದೆ, ಬಿಸಿಲಲ್ಲಿ ಹತ್ತಿ ಬಡಿದ ಮೈ. ಬೆರಳು ಹಿಂಡಿದರೂ ರಕ್ತ ಬರುತ್ತಿರಲಿಲ್ಲ. ಬಂದ ಹನಿಯಲ್ಲಿ ಸಕ್ಕರೆ ಎಲ್ಲಿಂದ ಬರಬೇಕು? ನುಜಹತಳದು ನೂರ ಎಂಟು. ನಲವತ್ತರಲ್ಲಿ ಮೂವತ್ತಾರು ಜನರದು ಇಳಿದಿತ್ತು. ಮಾಲತೇಶ್ ಅಲ್ಲೇ ಯಾರಿಗೋ ಫೋನು ಹಚ್ಚಿ, "ನಂಬಾಕೆ ಆಗ್ದಿರೋ ರಿಸಲ್ಟು" ಎಂದರು. ಗಲ್ಲಿಯವರು ಕೈಯೆತ್ತಿ ದುವಾ ಮಾಡಿದರು. ಖೈರುನ್ನೀಸಾ ಮನೆಗೆ ಹೋಗಿ ಗಂಡ ಅಮೀರ್‌ಜಾನನ ಮುಂದೆ ಎದೆ ಉಬ್ಬಿಸಿಕೊಂಡು ಕೂತಳು.

ಶಿವಲೀಲಾ ಮಾತ್ರ ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ ರಂಜಾನ್ ಎಂದು ಬರೆದಿದ್ದಳು. ಮಾಲತೇಶ್ ಆ ಹಾಳೆಯನ್ನು ಬೇರೆ ಬರೆಸಿದರು. ಬೇರೆ ಬರೆದವಳೂ ಶಿವಲೀಲಾಳೇ.

ಬಕ್ರೀದ್ ಆದ ಮಾರನೇ ದಿನ ಖೈರುನ್ನೀಸಾ ಸುಮ್ಮನೆ ನುಜಹತಳ ಬೆರಳು ಚುಚ್ಚಿದಳು. ಮಿಷನ್ನಿನಲ್ಲಿ ಮುನ್ನೂರ ನಲವತ್ತು ಎಂದು ಬಂತು. ಹಬ್ಬದ ಊಟ ಅಂದುಕೊಂಡಳು. ಒಂದು ವಾರ ಬಿಟ್ಟು, ಬೆಳಿಗ್ಗೆ ಏನೂ ತಿನ್ನುವ ಮುಂಚೆ ಮತ್ತೆ ಚುಚ್ಚಿದಳು. ಮುನ್ನೂರ ಹದಿನೆಂಟು.

"ಎಷ್ಟೈತೆ?" ನುಜಹತ್ ಕೇಳಿದಳು.

ಖೈರುನ್ನೀಸಾ ಮಿಷನ್ನನ್ನು ತನ್ನ ಕಡೆಗೆ ತಿರುಗಿಸಿಕೊಂಡಳು.

"ನೂರ ನಲವತ್ತು ಅಕ್ಕಾ."

ಏಕೆ ಹಾಗೆ ಹೇಳಿದೆ ಎಂದು ಆಮೇಲೆ ಸಾವಿರ ಸಲ ಕೇಳಿಕೊಂಡಿದ್ದಾಳೆ. ನಿಜ ಹೇಳಿದರೆ ನುಜಹತ್ ಗುಳಿಗೆ ವಾಪಸು ಕೇಳುತ್ತಿದ್ದಳು. ಗಲ್ಲಿಯ ನಲವತ್ತು ಜನ ಕೇಳುತ್ತಿದ್ದರು. ರಿಜಿಸ್ಟರು ಹಿಡಿದು ಓಡಾಡುವ ಮೇಡಂ ಮತ್ತೆ ಹತ್ತಿ ಬಡಿಯುವ ಖೈರೂ ಆಗುತ್ತಿದ್ದಳು. ಅಷ್ಟೇ ಕಾರಣ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದರೂ ಅವಳಿಗೆ ಸಿಕ್ಕಿಲ್ಲ.

ಆ ದಿನವೇ ಶಿವಲೀಲಾಗೆ ಫೋನು ಮಾಡಿದಳು. ಶಿವಲೀಲಾ ದನಿ ತಗ್ಗಿಸಿ, "ಅಕ್ಕಾ, ಅವತ್ತಿನ ಲೆಕ್ಕ ರೋಜಾದ್ದು, ಪುಡಿದಲ್ಲ. ನಾನು ಸರ್‌ಗೆ ಹೇಳಿದೀನಿ. ನೀವೂ ಹೇಳಿ" ಎಂದಳು. ಖೈರುನ್ನೀಸಾ ಹೇಳಿದಳು. ಮಾಲತೇಶ್ ನಕ್ಕರು. "ಹಬ್ಬದಾಗೆ ಬಿಗಿಯಾಗಿ ತಿಂದಿರ್ತಾರೆ. ಒಂದು ಚಮಚದ್ದು ಎರಡು ಚಮಚ ಮಾಡು. ಗುಳಿಗೆ ಗಿಳಿಗೆ ಶುರು ಮಾಡಿಸಬ್ಯಾಡ. ಆಮೇಲೆ ಅವ್ರು ಲೆಕ್ಕದಿಂದ ಬಿಟ್ಟೋಗ್ತಾರೆ."

ಅವಳು ಎರಡು ಚಮಚ ಮಾಡಿಸಿದಳು.

ಮೊಹರಂ ಮುಗಿದ ಮೇಲೊಂದು ದಿನ ನುಜಹತ್ ಹಾಸಿಗೆ ತುಳಿಯುತ್ತಿದ್ದಳು. ಬಾಗಿಲಿಗೆ ಬಂದ ಖೈರುನ್ನೀಸಾಳಿಗೆ ಬಿಳಿ ಹತ್ತಿಯ ಮೇಲೆ ಕೆಂಪು ಹೆಜ್ಜೆಗಳು ಕಂಡವು.

"ಅಕ್ಕಾ, ನಿನ್ ಕಾಲಾಗೆ ದಬ್ಬಣ ಐತೆ."

ನುಜಹತ್ ಬಗ್ಗಿ ನೋಡಿದಳು. ಎರಡು ಬೆರಳಗಲದಷ್ಟು ಒಳಗೆ ಹೋಗಿತ್ತು. "ಹೌದಲ್ಲೇ" ಎಂದು ನಕ್ಕಳು. ಬೇರೆಯವರ ಕಾಲಿನಿಂದ ತೆಗೆದಂತೆ ಎಳೆದು ತೆಗೆದಳು. ಹಾಸಿಗೆಯ ಗಂಟನ್ನು ಅಂಗಾಲಲ್ಲೇ ಹುಡುಕುತ್ತಿದ್ದವಳಿಗೆ ದಬ್ಬಣ ತಿಳಿದಿರಲಿಲ್ಲ.

ಆಗಲಾದರೂ ಹೇಳಬೇಕಿತ್ತು. ಅರಿಶಿನ ಹಚ್ಚಿ ಬಟ್ಟೆ ಕಟ್ಟಿದಳೇ ಹೊರತು ಖೈರುನ್ನೀಸಾ ಬಾಯಿ ಬಿಡಲಿಲ್ಲ. ಹತ್ತು ದಿನಕ್ಕೆ ಬೆರಳು ಕಪ್ಪಾಯಿತು. ಆಸ್ಪತ್ರೆಗೆ ಹೊತ್ತೊಯ್ದಾಗ ಸಕ್ಕರೆ ನಾನೂರ ಎಂಬತ್ತು. ಅಲ್ಲಿಯ ಡಾಕ್ಟರು ಸಿಟ್ಟಿನಿಂದ, "ಗುಳಿಗೆ ಬಿಡು ಅಂದವ್ರು ಯಾರು?" ಎಂದು ಕೇಳಿದರು. ಖೈರುನ್ನೀಸಾ ಮಂಚದ ಪಕ್ಕದಲ್ಲೇ ನಿಂತಿದ್ದಳು. ನುಜಹತ್ ಅವಳ ಕಡೆ ನೋಡಲೂ ಇಲ್ಲ.

"ಯಾರೂ ಅಂದಿಲ್ಲ ಸಾರ್. ನಾನೇ ಬಿಟ್ಟೆ."

ಪಾದ ತೆಗೆಯಲು ಅಮೀರ್‌ಜಾನ್ ಸಹಿ ಹಾಕಿದ. ರಿಜಿಸ್ಟರಿನಲ್ಲಿ ನುಜಹತಳ ಹೆಸರಿನ ಮುಂದೆ, ಪರೀಕ್ಷೆ ಬಿಟ್ಟುಹೋದವರು ಎಂದು ಬರೆಯಲು ಮಾಲತೇಶ್ ಖೈರುನ್ನೀಸಾಳಿಗೆ ಫೋನಿನಲ್ಲಿ ಹೇಳಿದರು. ಆದರೆ ನೂರ ಎಂಟು ಬಿಟ್ಟುಹೋಗಲಿಲ್ಲ. ಅದು ಬ್ಯಾನರಿಗೆ ಬಂತು.

ವೇದಿಕೆಯ ಮೇಲೆ ಮಾಲತೇಶ್ ಮಾತಾಡುತ್ತಿದ್ದರು. ನ್ಯಾಮತಿಯಲ್ಲಿ ಗೆದ್ದದ್ದನ್ನು ಈಗ ಜಗಳೂರು ತಾಲ್ಲೂಕಿನಲ್ಲಿ ಶುರು ಮಾಡಿದ್ದೇವೆ, ಅರವತ್ತು ಜನಕ್ಕೆ ಪುಡಿ ಕೊಟ್ಟು ಇಪ್ಪತ್ತು ದಿನವಾಯಿತು ಎಂದರು. ಖೈರುನ್ನೀಸಾ ತಲೆ ಎತ್ತಿದಳು. ಅರವತ್ತು ಜನ. ಅಲ್ಲಿಯೂ ಯಾರೋ ಒಬ್ಬ ಎಸ್ಸೆಸ್ಸೆಲ್ಸಿ ಆದವಳನ್ನು ಹಿಡಿದು ಮೇಡಂ ಮಾಡಿರುತ್ತಾರೆ. ಅವಳೂ ಮನೆಮನೆಗೆ ಹೋಗಿ, ನಾನು ನಿಮಗೆ ಕೆಟ್ಟದ್ದು ಹೇಳ್ತೀನಾ ಅಂದಿರುತ್ತಾಳೆ.

"ಈಗ ನಮ್ಮ ಫೀಲ್ಡ್ ಆಫೀಸರ್ ಖೈರುನ್ನೀಸಾ ಅವ್ರು ತಮ್ಮ ಅನುಭವ ಹೇಳ್ತಾರೆ."

ಹೇಳಬೇಕಾದ್ದನ್ನು ಬರೆದು ಕೊಟ್ಟಿದ್ದರು. ನಾಲ್ಕೇ ವಾಕ್ಯ. ನಮ್ಮ ಗಲ್ಲಿಯವರಿಗೆ ಪುಡಿ ಕೊಟ್ಟೆವು, ಎಲ್ಲರಿಗೂ ಗುಣವಾಗಿದೆ, ಯಾರಿಗೂ ತೊಂದರೆಯಾಗಿಲ್ಲ, ಸಂಸ್ಥೆಗೆ ನಾವು ಚಿರಋಣಿ. ಅವಳು ಮೆಟ್ಟಿಲು ಹತ್ತಿ ಮೈಕಿನ ಮುಂದೆ ನಿಂತಳು. ಹಿಂದಿನ ಸಾಲುಗಳಲ್ಲಿ ಗಲ್ಲಿಯ ಹೆಂಗಸರು ಕೂತಿದ್ದರು. ಕ್ಯಾಮೆರಾದವನು ಬಗ್ಗಿದ.

"ನಾನು ಇದನ್ನ ಓದಲ್ಲ" ಎಂದಳು.

ಮಾಲತೇಶ್ ಎದ್ದು ಬಂದು ಮೈಕನ್ನು ಅವಳಿಂದ ಸರಿಸಿ, ಜನರ ಕಡೆ ನಕ್ಕು, "ಪಾಪ, ಮೈಕ್ ಅಭ್ಯಾಸ ಇಲ್ಲ" ಎಂದರು.

ಖೈರುನ್ನೀಸಾ ಬುರ್ಖಾದ ಗುಂಡಿ ಬಿಚ್ಚಿದಳು. ತಲೆಯಿಂದ ತೆಗೆದು, ಮಡಚಿ, ಮೇಜಿನ ಮೇಲೆ ಇಟ್ಟಳು. ಒಳಗೆ ದಿನದ ಸೀರೆ. ಸೆರಗು ತಲೆಗೆ ಎಳೆದುಕೊಂಡಳು. ಹತ್ತಿ ಮಾರುವ ಕೇರಿಯಲ್ಲಿ ಬೆಳೆದವಳ ಗಂಟಲಿಗೆ ಮೈಕು ಬೇಕಿರಲಿಲ್ಲ.

"ಆ ಬ್ಯಾನರ್ ಮ್ಯಾಲೆ ಇರೋ ಲೆಕ್ಕ ರೋಜಾದ್ದು. ಹನ್ನೆರಡು ತಾಸು ಉಪವಾಸ ಇದ್ದವ್ರ ರಕ್ತ ಅದು. ಮೊದಲನೇ ಸಲ ಚಹಾ ಕುಡಿದು ಬಂದಿದ್ರಿ, ಎರಡನೇ ಸಲ ನೀರೂ ಕುಡಿದಿರ್ಲಿಲ್ಲ. ಪುಡಿಯಿಂದ ಇಳೀತೋ ಇಲ್ವೋ ಯಾರಿಗೂ ಗೊತ್ತಿಲ್ಲ. ನಂಗೂ ಗೊತ್ತಿಲ್ಲ, ಇವ್ರಿಗೂ ಗೊತ್ತಿಲ್ಲ. ಹದಿನೇಳನೇ ನಂಬರು ನಮ್ಮ ನುಜಹತ್ ಅಕ್ಕ. ಅವಳ ಪಾದ ತೆಗೆದಿದ್ದಾರೆ. ಇವತ್ತೇ ಹೋಗಿ ಎಲ್ಲಾರೂ ಗುಳಿಗೆ ಈಸ್ಕಳ್ರಿ."

ಮಾಲತೇಶರ ಮುಖ ಕೆಂಪಾಯಿತು, ಆದರೆ ದನಿ ಏರಲಿಲ್ಲ. ಓದಿದವರ ಸಿಟ್ಟು ಹಾಗೆ. ಫೈಲಿನಿಂದ ಫಾರಮ್ಮು ತೆಗೆದರು.

"ಇಲ್ಲಿ ಬರೆದೈತೆ ನೋಡು. ವೈದ್ಯರು ಕೊಟ್ಟ ಗುಳಿಗೆಗಳನ್ನ ಮುಂದುವರಿಸಬೇಕು ಅಂತ. ಎಲ್ಲರೂ ಹೆಬ್ಬೆಟ್ಟು ಒತ್ತಿದಾರೆ. ನಮ್ಮ ಸಂಸ್ಥೆ ಯಾರಿಗೂ ಗುಳಿಗೆ ಬಿಡು ಅಂದಿಲ್ಲ. ಬಿಡು ಅಂದಿದ್ದು ಯಾರ ಬಾಯಿ? ನೀನೇ ಹೇಳು."

ಫಾರಮ್ಮಿನಲ್ಲಿ ಹಾಗೆ ಬರೆದಿದೆ ಎಂದು ಅವಳಿಗೆ ಗೊತ್ತಾದದ್ದೇ ಆಗ. ಹೆಂಗಸರೆಲ್ಲ ಅವಳನ್ನೇ ನೋಡುತ್ತಿದ್ದರು. ನಲವತ್ತು ಮನೆಯ ಬಾಗಿಲು, ನಲವತ್ತು ಗುಳಿಗೆಯ ಪಟ್ಟಿ ಕಣ್ಣ ಮುಂದೆ ಬಂದವು.

"ನನ್ನ ಬಾಯಿ" ಎಂದಳು. "ಮಾತು ನಿಮ್ದು, ಬಾಯಿ ನಂದು. ನಿಮ್ಮ ಮಾತಿಗೆ ನಿಮ್ಮ ಹತ್ರ ಕಾಗದ ಐತೆ. ನನ್ನ ಬಾಯಿಗೆ ನನ್ನ ಹತ್ರ ಏನೂ ಇಲ್ಲ. ನಾನೇ ಹೇಳ್ದೆ. ಒಪ್ಕಂತೀನಿ. ನೀವು ಹೇಳಿಸಿದ್ದು ಒಪ್ಕಳ್ರಿ."

ಮಾಲತೇಶ್ ಒಪ್ಪಿಕೊಳ್ಳಲಿಲ್ಲ. ಯಾರೋ ಬಂದು ಅವಳ ತೋಳು ಹಿಡಿದು ಕೆಳಗಿಳಿಸಿದರು. ಗಲ್ಲಿಯ ಹೆಂಗಸರು ಎದ್ದು ಹೋಗುತ್ತಿದ್ದರು. ಒಬ್ಬಳೂ ಅವಳನ್ನು ಮಾತಾಡಿಸಲಿಲ್ಲ. ಒಬ್ಬಳು ಮಾತ್ರ ಹತ್ತಿರ ಬಂದು, ಮುಖಕ್ಕೆ ಉಗಿಯುವಂತೆ ನಿಂತು, ಉಗಿಯದೆ ಹೋದಳು. ಉಗಿದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಖೈರುನ್ನೀಸಾಳಿಗೆ.

ಗೇಟಿನ ಹತ್ತಿರ ಶಿವಲೀಲಾ ಓಡಿ ಬಂದು ಒಂದು ಹಾಳೆ ಕೈಗಿಟ್ಟಳು. ಜಗಳೂರಿನ ಅರವತ್ತು ಜನರ ಹೆಸರು, ಊರು. "ಇಷ್ಟೇ ನನ್ ಕೈಲಾಗೋದು ಅಕ್ಕಾ" ಎಂದಳು.

"ನನ್ ಕೈಲೂ ಅಷ್ಟೇ ಆಗೋದು ಅಂತ ನಾನೂ ಅಂದ್ಕಂಡಿದ್ದೆ" ಎಂದಳು ಖೈರುನ್ನೀಸಾ.

ಅವಳು ಗಲ್ಲಿಗೆ ಬಂದಾಗ ನುಜಹತ್ ಬಾಗಿಲಲ್ಲಿ ಮಣೆಯ ಮೇಲೆ ಕೂತು ದಿಂಬಿಗೆ ಹತ್ತಿ ತುಂಬುತ್ತಿದ್ದಳು. ಹಾಸಿಗೆ ಈಗ ಆಗುವುದಿಲ್ಲ. ತುಳಿಯಲು ಎರಡು ಕಾಲು ಬೇಕು. ಪಾದವಿಲ್ಲದ ಕಾಲನ್ನು ಒಂದು ಹಳೇ ದಿಂಬಿನ ಮೇಲೆ ಚಾಚಿದ್ದಳು. ಖೈರುನ್ನೀಸಾ ಎದುರಿಗೆ ನೆಲದ ಮೇಲೆ ಕೂತಳು. ರಂಜಾನಿನ ಉಪಾಯ ತನ್ನದೇ ಎಂಬಲ್ಲಿಂದ ಶುರು ಮಾಡಿ ಎಲ್ಲ ಹೇಳಿದಳು. ನುಜಹತಳ ಕೈ ನಿಲ್ಲಲಿಲ್ಲ. ಹತ್ತಿ ಬಿಡಿಸುವುದು, ತುಂಬುವುದು, ಒತ್ತುವುದು.

"ಬಕ್ರೀದ್ ಆದ ವಾರಕ್ಕೆ ಎಷ್ಟಿತ್ತು?" ನುಜಹತ್ ಕೇಳಿದಳು.

"ಮುನ್ನೂರ ಹದಿನೆಂಟು."

"ನಂಗೆ ನೂರ ನಲವತ್ತು ಅಂದಿದ್ದೆ."

"ಹೂಂ."

"ದಬ್ಬಣ ಚುಚ್ಚಿದ್ದು ಅದಾದ್ಮ್ಯಾಲೆ."

"ಹೂಂ ಅಕ್ಕಾ."

ನುಜಹತಳ ಕೈ ಈಗ ನಿಂತಿತು.

"ಡಾಕ್ಟ್ರು ಕೇಳಿದಾಗ ನಾನೇ ಬಿಟ್ಟೆ ಅಂದೆ. ನಿಂಗೆ ಬೈತಾರೆ ಅಂತ. ಓದಿದ ಹುಡುಗಿ, ನಾಲ್ಕು ಜನದ ಮುಂದೆ ಮುಖ ಸಣ್ಣದಾಗ್ತದೆ ಅಂತ. ನೀನು ಪಕ್ಕದಾಗೇ ನಿಂತಿದ್ದೆ."

ಖೈರುನ್ನೀಸಾಳಿಗೆ ಅಳು ಒತ್ತರಿಸಿ ಬಂತು.

"ಅಳಬ್ಯಾಡ" ಎಂದಳು ನುಜಹತ್. "ನೀನು ಅತ್ರೆ ನಾನು ಸಮಾಧಾನ ಮಾಡಬೇಕಾಗ್ತದೆ. ಅದು ನನ್ ಕೈಲಿ ಆಗಲ್ಲ."

ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡು ಅಳು ನುಂಗಿದಳು. ನುಜಹತ್ ಮತ್ತೆ ಹತ್ತಿಗೆ ಕೈ ಹಾಕಿದಳು. ದಿಂಬಿನ ಬಾಯಿ ಹೊಲಿದು ಮುಗಿಸಿ, "ಜಗಳೂರಾಗೆ ಎಷ್ಟು ಮಂದಿ ಅಂದೆ?" ಎಂದು ಕೇಳಿದಳು.

"ಅರವತ್ತು."

"ಮತ್ತೆ ಇಲ್ಲಿ ಯಾಕೆ ಕುಂತಿ?"

ಮಾರನೇ ದಿನ ಬೆಳಗಿನ ಮೊದಲ ಬಸ್ಸಿಗೆ ಹೊನ್ನಾಳಿ, ಅಲ್ಲಿಂದ ದಾವಣಗೆರೆ, ಅಲ್ಲಿಂದ ಜಗಳೂರು. ಅಲ್ಲಿಂದ ಹಳ್ಳಿಗೆ ಆಟೋ ಸಿಗದೆ ಖೈರುನ್ನೀಸಾ ನಡೆದಳು. ಹಾಳೆಯ ಮೊದಲ ಹೆಸರು ಕಾಟಮ್ಮ. ಮಧ್ಯಾಹ್ನದ ಬಿಸಿಲಲ್ಲಿ ಆಕೆ ಮನೆ ಮುಂದಿನ ಚಪ್ಪರದ ಕೆಳಗೆ, ಯಾರದೋ ಹೊಲದ ಈರುಳ್ಳಿ ರಾಶಿ ಹಾಕಿಕೊಂಡು, ಕುಡುಗೋಲಿನಿಂದ ಬಾಲ ಕೊಯ್ಯುತ್ತಿದ್ದಳು. ಅರವತ್ತರ ಹತ್ತಿರದ ಹೆಂಗಸು.

"ಯಾರವ್ವ ನೀನು? ಆ ಪುಡಿ ಕಡೆಯೋಳಾ?"

"ಹೂಂ. ಆ ಪುಡಿ ಕಡೆಯೋಳೇ. ಗುಳಿಗೆ ಬಿಡಬ್ಯಾಡ್ರಿ ಅಂತ ಹೇಳಾಕೆ ಬಂದೀನಿ."

"ಮೊನ್ನೆ ಬಂದೋಳು ಬಿಡು ಅಂದ್ಲು. ನೀನು ಬಿಡಬ್ಯಾಡ ಅಂತಿ. ಯಾರ ಮಾತು ನಂಬ್ಲಿ?"

"ನನ್ನ ಮಾತು ನಂಬಬ್ಯಾಡ್ರಿ. ನಾನು ಸುಳ್ಳು ಹೇಳಿದೋಳು. ನಮ್ಮಕ್ಕನಿಗೇ ಹೇಳಿ ಅವಳ ಪಾದ ಕಳೆದೀನಿ. ಈಗ ನಡೀರಿ ಆಸ್ಪತ್ರೆಗೆ, ನಾನೂ ಬರ್ತೀನಿ. ಅಲ್ಲಿ ಕೇಳ್ರಿ."

ಕಾಟಮ್ಮ ಕುಡುಗೋಲು ಕೆಳಗಿಟ್ಟು ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಪಾದ ಹೇಗೆ ಹೋಯಿತು ಎಂದು ಕೇಳಿದಳು. ಖೈರುನ್ನೀಸಾ ದಬ್ಬಣದ ಕಥೆ ಹೇಳಿದಳು. ಕಾಟಮ್ಮನಿಗೆ ನಂಬಿಕೆ ಬರಲಿಲ್ಲ.

"ಅಷ್ಟು ದೊಡ್ಡ ದಬ್ಬಣ ಚುಚ್ಚಿದ್ರೆ ಗೊತ್ತಾಗಂಗಿಲ್ವಾ? ಅದೆಂಥ ಕಾಲು?"

"ಸಕ್ಕರೆ ಇರೋರಿಗೆ ಒಬ್ಬೊಬ್ರಿಗೆ ಹಂಗಾಗ್ತದಂತೆ. ಎಲ್ಲಿ, ನಿಮ್ ಕಾಲು ಚಾಚ್ರಿ. ಮುಟ್ಟಿ ನೋಡ್ತೀನಿ. ಗೊತ್ತಾದ ಕೂಡ್ಲೇ ಹೇಳ್ರಿ."

ಕಾಟಮ್ಮ ನಗುತ್ತಾ ಕಾಲು ಚಾಚಿದಳು. ಒಡೆದ ಹಿಮ್ಮಡಿ, ಮಣ್ಣು ಮೆತ್ತಿದ ಬೆರಳು. ಖೈರುನ್ನೀಸಾ ಆ ಕಾಲನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡಳು. ಹೆಬ್ಬೆರಳಿನ ಬುಡವನ್ನು ಮೆಲ್ಲಗೆ ಅದುಮಿದಳು. ಕಾಟಮ್ಮ ಸುಮ್ಮನಿದ್ದಳು. ಅಂಗಾಲಿನ ನಡುವೆ ಉಗುರು ಊರಿದಳು. ಕಾಟಮ್ಮ ಅವಳ ಮುಖವನ್ನೇ ನೋಡುತ್ತಾ ಕಾಯುತ್ತಿದ್ದಳು. ಉಗುರನ್ನು ಇನ್ನೂ ಒತ್ತಿದಳು. ಚರ್ಮ ಬಿಳಿಚಿ, ಸಣ್ಣಗೆ ಕೆಂಪು ಮೂಡಿತು.

"ಯಾಕವ್ವ, ಹೊಲಸು ಕಾಲು ಅಂತ ಹೇಸಿಗೆನಾ?" ಎಂದಳು ಕಾಟಮ್ಮ. "ಮುಟ್ಟು, ಮುಟ್ಟು."